ಗುಜೆಂಕೊ ಪ್ರಕರಣ: ಯಾವ ಕಚೇರಿಯೂ ತೆಗೆದುಕೊಳ್ಳದ 109 ಕಾಗದಗಳು

1945ರ ಸೆಪ್ಟೆಂಬರ್ 5, ಬುಧವಾರ. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಯಿಂದ ಆ ರಾತ್ರಿ ಒಬ್ಬ ಗುಮಾಸ್ತ ದಿನದ ಕೆಲಸ ಮುಗಿಸಿದವನಂತೆ ಹೊರಗೆ ಬಂದ. ಹೆಸರು ಇಗೋರ್ ಗುಜೆಂಕೊ, ವಯಸ್ಸು ಇಪ್ಪತ್ತಾರು. ಅಂಗಿಯೊಳಗೆ 109 ಕಾಗದಗಳಿದ್ದವು. ಕೆನಡಾದ ಸರ್ಕಾರಿ ಇಲಾಖೆಗಳಲ್ಲಿ, ಸಂಸತ್ತಿನಲ್ಲಿ, ಅಣು ಸಂಶೋಧನೆಯ ಪ್ರಯೋಗಾಲಯದಲ್ಲಿ ಕುಳಿತು ಗುಟ್ಟಾಗಿ ಮಾಸ್ಕೋಗೆ ಮಾಹಿತಿ ಕೊಡುತ್ತಿದ್ದವರ ಜಾಡು ಆ ಕಾಗದಗಳಲ್ಲಿತ್ತು. ಅವುಗಳನ್ನು ಒಬ್ಬ ಜವಾಬ್ದಾರಿಯುತ ಅಧಿಕಾರಿಯ ಕೈಗೆ ಒಪ್ಪಿಸಲು ಶುಕ್ರವಾರ ಬೆಳಗಿನವರೆಗೂ ಆತನಿಗೆ ಆಗಲಿಲ್ಲ. ಪತ್ರಿಕಾ ಕಚೇರಿ, ಕಾನೂನು ಸಚಿವಾಲಯ, ಸರ್ಕಾರಿ ವಕೀಲರ ಕಚೇರಿ, ಎಲ್ಲಿಗೆ ಹೋದರೂ ಬರಿಗೈಯಲ್ಲಿ ವಾಪಸು ಬರಬೇಕಾಯಿತು.

ಇತಿಹಾಸದ ಪುಸ್ತಕಗಳಲ್ಲಿ ಇದು ಶೀತಲ ಸಮರದ ಆರಂಭದ ಘಟನೆ. ಗೂಢಚಾರರ ಕಥೆಯಾಗಿ ಇದನ್ನು ಓದಿದವರು ಬಹಳ. ನಾನು ಇದನ್ನು ಕಚೇರಿಯ ಪ್ರಕರಣವಾಗಿ ಓದುತ್ತೇನೆ. ನಿವೃತ್ತಿಯ ನಂತರ ಕಾರವಾರದಲ್ಲಿ ಸರ್ಕಾರಿ ಸೇವೆಗೆ ಹೊಸದಾಗಿ ಸೇರಿದವರಿಗೆ, ಅಂದರೆ ದ್ವಿತೀಯ ದರ್ಜೆ ಸಹಾಯಕರಿಗೆ, ಗ್ರಾಮ ಆಡಳಿತ ಅಧಿಕಾರಿಗಳಿಗೆ, ಕಡತ ನಿರ್ವಹಣೆಯ ಪಾಠ ಹೇಳುವಾಗ ಇದನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ನಮ್ಮ ಜಿಲ್ಲೆಯ ಮಕ್ಕಳು ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ, ಅರಗಾದ ನೌಕಾನೆಲೆಯಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಕೆಲಸಕ್ಕೆ ಸೇರುತ್ತಾರೆ. ಗೋಪ್ಯತೆಯ ಪಾಠ ಅವರಿಗೆ ಮೊದಲ ದಿನವೇ ಆಗುತ್ತದೆ. ಎದುರಿಗೆ ನಿಂತ ಅಪರಿಚಿತನ ಮಾತನ್ನು ಹೇಗೆ ಕೇಳಬೇಕು ಎಂಬ ಪಾಠ ಮಾತ್ರ ಎಷ್ಟೋ ಜನರಿಗೆ ಸೇವೆ ಮುಗಿಯುವವರೆಗೂ ಆಗುವುದಿಲ್ಲ. ಸರ್ವಾಧಿಕಾರಿ ಪ್ರಭುತ್ವವನ್ನು ತೊರೆದು ಬರುವ ಅಧಿಕಾರಿಗೆ ಅತಿ ಹೆಚ್ಚಿನ ಅಪಾಯ ಬರುವುದು ಬಾಗಿಲು ದಾಟಿದ ಮೇಲೆ. ಆ ಹೊತ್ತಿನಲ್ಲಿ ಅವನ ಜೀವ ಇನ್ನೊಂದು ದೇಶದ ಯಾವುದೋ ಕಚೇರಿಯ ಮುಂಭಾಗದಲ್ಲಿ ಕುಳಿತ ನೌಕರರ ಕೈಯಲ್ಲಿರುತ್ತದೆ. ಗುಜೆಂಕೊ ಪ್ರಕರಣದಲ್ಲಿ ಇದು ಗಂಟೆ ಗಂಟೆಗೂ ಕಣ್ಣಿಗೆ ಕಾಣುತ್ತದೆ.

ಗೂಢಲಿಪಿಯ ಗುಮಾಸ್ತ

ಗುಜೆಂಕೊ ಹುಟ್ಟಿದ್ದು 1919ರಲ್ಲಿ, ಮಾಸ್ಕೋ ಸಮೀಪದ ಒಂದು ಊರಿನಲ್ಲಿ. ಓದುತ್ತಿದ್ದದ್ದು ವಾಸ್ತುಶಿಲ್ಪ. ಹೆಂಡತಿ ಸ್ವೆಟ್ಲಾನಾ ಪರಿಚಯವಾದದ್ದೂ ಆ ವಿದ್ಯಾರ್ಥಿ ದಿನಗಳಲ್ಲೇ. ಯುದ್ಧ ಬಂದಾಗ ಸೇನೆಯ ಗುಪ್ತಚರ ವಿಭಾಗ ಆತನನ್ನು ಆರಿಸಿಕೊಂಡು ಗೂಢಲಿಪಿಯ ತರಬೇತಿ ಕೊಟ್ಟಿತು. 1943ರಲ್ಲಿ ಕರ್ನಲ್ ನಿಕೊಲಾಯ್ ಜಬೋತಿನ್ ಎಂಬ ಸೇನಾ ಪ್ರತಿನಿಧಿಯ ಕೈಕೆಳಗೆ ಒಟ್ಟಾವಾಕ್ಕೆ ಬಂದ. ಹೊರಗಿನವರ ಪಾಲಿಗೆ ರಾಯಭಾರ ಕಚೇರಿಯ ಸಾಧಾರಣ ನೌಕರ, ಒಳಗೆ ಕೆಂಪು ಸೇನೆಯ ಲೆಫ್ಟಿನೆಂಟ್.

ಆತನ ಕೆಲಸದ ಸ್ವರೂಪ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಜಬೋತಿನ್ ಬರೆದ ವರದಿಯನ್ನು ಸಂಕೇತಗಳಿಗೆ ಇಳಿಸಿ ಮಾಸ್ಕೋಗೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ಬಿಡಿಸಿ ಜಬೋತಿನ್‌ಗೆ ಕೊಡುವುದು. ಕಬ್ಬಿಣದ ಬಾಗಿಲು, ಸರಳು ಹಾಕಿದ ಕಿಟಕಿಯ ಕೋಣೆ. ಯಾವ ವಿಜ್ಞಾನಿ ಏನು ಕೊಟ್ಟ, ಅದಕ್ಕೆ ಏನು ಪಡೆದ, ಮುಂದಿನ ಭೇಟಿ ಎಲ್ಲಿ ಎಂಬ ಪ್ರತಿ ಸಾಲೂ ಅವನ ಕಣ್ಣಿನ ಮುಂದೆಯೇ ಹಾದು ಹೋಗಬೇಕು. ಶಿರಸಿಯ ಅಡಿಕೆ ವಖಾರಿಯಲ್ಲಿ ಯಾರ ಸಾಲ ಎಷ್ಟು ಬೆಳೆದಿದೆ ಎಂಬುದು ಯಜಮಾನರಿಗಿಂತ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗುಜೆಂಕೊನ ಸ್ಥಾನವೂ ಅಂಥದ್ದು: ಹುದ್ದೆ ಚಿಕ್ಕದು, ಜ್ಞಾನ ದೊಡ್ಡದು. ಎಲ್ಲರನ್ನೂ ಅನುಮಾನಿಸುವ ಪ್ರಭುತ್ವಕ್ಕೆ ಇಂಥ ನೌಕರ ಅನಿವಾರ್ಯ, ಅಷ್ಟೇ ಭಯಂಕರ.

ಆದ್ದರಿಂದಲೇ ನಿಯಮದ ಪ್ರಕಾರ ಗೂಢಲಿಪಿಯ ಗುಮಾಸ್ತರು ರಾಯಭಾರ ಕಚೇರಿಯ ಆವರಣದಲ್ಲಿಯೇ ವಾಸಿಸಬೇಕಿತ್ತು. ಗುಜೆಂಕೊಗೆ ಮಾತ್ರ ಜಬೋತಿನ್ ಹೊರಗೆ ಮನೆ ಮಾಡಲು ಬಿಟ್ಟ. ಚಿಕ್ಕ ಮಗು ಇದ್ದ ಸಂಸಾರ, ಸಾಮರ್‌ಸೆಟ್ ಬೀದಿಯ 511ನೆಯ ಸಂಖ್ಯೆಯ ಕಟ್ಟಡದಲ್ಲಿ ಬಾಡಿಗೆ ಮನೆ ಹಿಡಿಯಿತು. ಅಕ್ಕಪಕ್ಕದಲ್ಲಿ ಕೆನಡಾದ ಸಾಮಾನ್ಯ ಕುಟುಂಬಗಳು. ಸರ್ಕಾರವನ್ನು ಬೀದಿಯಲ್ಲೇ ಬೈಯುವ ಜನರನ್ನು, ಒಂದಕ್ಕಿಂತ ಹೆಚ್ಚು ಅಭ್ಯರ್ಥಿಗಳಿರುವ ಚುನಾವಣೆಯನ್ನು ಅವನು ಹತ್ತಿರದಿಂದ ಕಂಡ. ತನ್ನ ದೇಶಕ್ಕಾಗಿ ಈ ಜನ ಚಂದಾ ಎತ್ತುತ್ತಿರುವುದನ್ನು, ಸರಕು ಸಾಗಿಸುವ ಹಡಗುಗಳಲ್ಲಿ ಇವರ ಮಕ್ಕಳು ಸಾಯುತ್ತಿರುವುದನ್ನು ಕಂಡ. ಅದೇ ಜನರ ಬೆನ್ನ ಹಿಂದೆ ತನ್ನ ಕಚೇರಿ ಏನು ಮಾಡುತ್ತಿದೆ ಎಂಬುದನ್ನು ರಾತ್ರಿ ತಾನೇ ಸಂಕೇತಕ್ಕೆ ಇಳಿಸುತ್ತಿದ್ದ. 1945ರ ಅಕ್ಟೋಬರ್‌ನಲ್ಲಿ ಕೊಟ್ಟ ಲಿಖಿತ ಹೇಳಿಕೆಯಲ್ಲಿ ಈ ಮಾತನ್ನೇ ಮುಖ್ಯ ಕಾರಣವಾಗಿ ಹೇಳಿದ್ದಾನೆ.

ಇನ್ನೊಂದು ಕಾರಣ ಭಯ. 1944ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋಗೆ ಮರಳುವಂತೆ ಆದೇಶ ಬಂದಿತ್ತು. ಈ ಕೆಲಸಗಾರನಿಲ್ಲದೆ ಸಾಗದು ಎಂದು ಜಬೋತಿನ್ ಅದನ್ನು ಮುಂದೂಡಿಸಿದ. ಮರುವರ್ಷ ಮತ್ತೆ ಆದೇಶ ಬಂತು, ಬದಲಿ ಗುಮಾಸ್ತನೂ ಬಂದಿಳಿದ. ಸ್ಟಾಲಿನ್ ಆಳ್ವಿಕೆಯಲ್ಲಿ ಕಾರಣ ಹೇಳದೆ ವಾಪಸು ಕರೆಸಿಕೊಳ್ಳುವುದು ಎಂದರೆ ಏನು ಎಂಬುದು 1937–38ರ ಸಾಮೂಹಿಕ ಬಂಧನ, ಮರಣದಂಡನೆಗಳ ದಿನಗಳನ್ನು ಕಂಡ ಯಾವ ಸೋವಿಯತ್ ಅಧಿಕಾರಿಗೂ ಹೊಸದಲ್ಲ. ಈ ಎರಡು ಕಾರಣಗಳಲ್ಲಿ ನಿಜವಾದದ್ದು ಯಾವುದು ಎಂದು ತರಗತಿಯಲ್ಲಿ ಪ್ರತಿಬಾರಿಯೂ ಯಾರಾದರೂ ಕೇಳುತ್ತಾರೆ. ಎರಡೂ ನಿಜ. ಹೆದರಿದ ಮನುಷ್ಯ ಸತ್ಯ ಹೇಳಲಾರ ಎಂದು ಭಾವಿಸುವುದಕ್ಕೆ ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಹೆಂಡತಿಯನ್ನು, ಮಗುವನ್ನು ಕಟ್ಟಿಕೊಂಡು ಹೊರಟರೂ ಊರಿನಲ್ಲಿ ಉಳಿದವರ ಪಾಡೇನು? ಇದಕ್ಕೆ ಸೋವಿಯತ್ ಕಾನೂನಿನಲ್ಲಿ ಲಿಖಿತ ಉತ್ತರವೇ ಇತ್ತು. 1934ರ ಜೂನ್ 8ರ ಶಾಸನದಂತೆ ಸೈನಿಕನೊಬ್ಬ ವಿದೇಶಕ್ಕೆ ಓಡಿಹೋದರೆ, ವಿಷಯ ಗೊತ್ತಿದ್ದೂ ತಿಳಿಸದ ವಯಸ್ಕ ಬಂಧುಗಳಿಗೆ ಐದರಿಂದ ಹತ್ತು ವರ್ಷ ಸೆರೆ, ಆಸ್ತಿ ಜಪ್ತಿ. ಏನೂ ಗೊತ್ತಿಲ್ಲದೆ ಅವನ ಜತೆ ವಾಸವಿದ್ದವರಿಗೂ, ಅವನ ಸಂಪಾದನೆಯನ್ನು ನಂಬಿದ್ದವರಿಗೂ ಮತದಾನದ ಹಕ್ಕು ಕಸಿದು ಐದು ವರ್ಷ ಸೈಬೀರಿಯಾದ ದೂರದ ಸೀಮೆಗೆ ಗಡಿಪಾರು. ಅಪರಾಧ ಮಾಡದಿದ್ದರೂ ಶಿಕ್ಷೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ. ಗುಜೆಂಕೊ ಸೇನೆಯ ಲೆಫ್ಟಿನೆಂಟ್ ಆಗಿದ್ದರಿಂದ ಇದರ ಪ್ರತಿ ಅಕ್ಷರವೂ ಅವನಿಗೆ ಅನ್ವಯವಾಗುತ್ತಿತ್ತು.

ಬುಧವಾರ ರಾತ್ರಿಯಿಂದ ಶುಕ್ರವಾರ ಬೆಳಿಗ್ಗೆ

ತಯಾರಿ ಮೊದಲೇ ನಡೆದಿತ್ತು. ಬೇಕಾದ ಕಾಗದಗಳ ಮೂಲೆಯನ್ನು ಬೇರೆಯವರ ಕಣ್ಣಿಗೆ ಬೀಳದಷ್ಟು ಮಡಿಸಿ ಗುರುತು ಮಾಡಿಟ್ಟಿದ್ದ. ಆ ರಾತ್ರಿ ಅವನ್ನು ಕಡತಗಳಿಂದ ಬಿಡಿಸಿಕೊಂಡು ನೇರವಾಗಿ ಹೋದದ್ದು ಒಟ್ಟಾವಾ ಜರ್ನಲ್ ಪತ್ರಿಕೆಯ ಕಚೇರಿಗೆ. ಪೊಲೀಸರನ್ನು ನಂಬುವುದು ಹೇಗೆ ಎಂಬ ಅಳುಕು ಅವನಿಗಿತ್ತು. ಪೊಲೀಸರೆಂದರೆ ಸರ್ಕಾರದ ಗುಪ್ತದಳ ಎಂದೇ ತಿಳಿದು ಬೆಳೆದವನು. ಪತ್ರಿಕೆ ಸ್ವತಂತ್ರ, ಅಲ್ಲಿ ಹೇಳಿದ್ದು ಮರುದಿನ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಲೆಕ್ಕಾಚಾರ. ಆದರೆ ರಾತ್ರಿ ಪಾಳಿಯ ಸಂಪಾದಕನ ಎದುರು ನಿಂತವನು ಹರಕು ಮುರುಕು ಇಂಗ್ಲಿಷಿನಲ್ಲಿ ತೊದಲುವ, ಬೆವರಿದ ಅಪರಿಚಿತ. ಕಾಗದಗಳೆಲ್ಲ ರಷ್ಯನ್ ಭಾಷೆಯಲ್ಲಿದ್ದವು. ಇದು ನಮ್ಮ ಕೆಲಸವಲ್ಲ, ಪೊಲೀಸರ ಬಳಿ ಹೋಗಿ ಎಂದರು. ಕಾನೂನು ಸಚಿವಾಲಯದ ಕಟ್ಟಡಕ್ಕೆ ಹೋದರೆ ಅದು ಮುಚ್ಚಿತ್ತು. ಬಾಗಿಲಲ್ಲಿದ್ದ ಪೊಲೀಸ್ ಬೆಳಿಗ್ಗೆ ಬರಲು ಹೇಳಿದ.

ಗುರುವಾರ ಗಂಡ, ಬಸುರಿ ಹೆಂಡತಿ, ಪುಟ್ಟ ಮಗ ಮೂವರೂ ಹೊರಟರು. ಕಾಗದಗಳು ಈಗ ಸ್ವೆಟ್ಲಾನಾಳ ಕೈಚೀಲದಲ್ಲಿ. ಮೊದಲು ಕಾನೂನು ಸಚಿವ ಲೂಯಿ ಸೇಂಟ್ ಲೊರಾಂ ಅವರ ಕಚೇರಿ. ಮಂತ್ರಿಗಳಿಗೇ ಹೇಳಬೇಕು ಎಂದು ಪಟ್ಟು ಹಿಡಿದರು. ಬಹಳ ಹೊತ್ತು ಕಾಯಿಸಿದ ಮೇಲೆ ಮಂತ್ರಿಗಳು ನೋಡುವುದಿಲ್ಲ ಎಂಬ ಉತ್ತರ ಬಂತು. ಮತ್ತೆ ಪತ್ರಿಕಾ ಕಚೇರಿ. ಅಲ್ಲಿ ಒಬ್ಬ ವರದಿಗಾರ್ತಿ ಸಮಾಧಾನದಿಂದ ಕೇಳಿಸಿಕೊಂಡರೂ ಪ್ರಕಟಿಸುವಂತಿಲ್ಲ ಎಂದಳು. ಸ್ಟಾಲಿನ್ ವಿರುದ್ಧ ಬರೆಯಲು ಆಗ ಯಾರಿಗೂ ಮನಸ್ಸಿರಲಿಲ್ಲ, ಆತ ಗೆದ್ದ ಪಕ್ಷದ ಮಿತ್ರ. ಪೌರತ್ವಕ್ಕೆ ಅರ್ಜಿ ಹಾಕಿ ಎಂಬ ಸಲಹೆ ಸಿಕ್ಕಿತು. ಅದಕ್ಕೆ ತಿಂಗಳುಗಟ್ಟಲೆ ಬೇಕು ಎಂಬುದು ಸರ್ಕಾರಿ ವಕೀಲರ ಕಚೇರಿಗೆ ಹೋದಾಗ ತಿಳಿಯಿತು. ಸ್ವೆಟ್ಲಾನಾ ಅಳತೊಡಗಿದ್ದು ಅಲ್ಲಿ ಎಂದು ಹೇಳುತ್ತಾರೆ.

ಆ ಕಚೇರಿಯಲ್ಲಿ ಫರ್ನಾಂಡ್ ಕೂಲ್ಸನ್ ಎಂಬ ಕಾರ್ಯದರ್ಶಿ ಇದ್ದಳು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವ ವ್ಯಕ್ತಿ ಈಕೆ. ಮಂತ್ರಿಯಲ್ಲ, ಪೊಲೀಸ್ ಅಧಿಕಾರಿಯಲ್ಲ. ವಕೀಲರ ಟಪಾಲು, ದೂರವಾಣಿ ನೋಡಿಕೊಳ್ಳುವ ನೌಕರಳು. ಈ ದಂಪತಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಮಾತನ್ನು ಪೂರ್ತಿ ಕೇಳಿ, ದೂರವಾಣಿ ಎತ್ತಿಕೊಂಡಳು. ಪತ್ರಿಕೆಗಳಿಗೆ ಮಾಡಿದಳು, ಪ್ರಧಾನಿಯ ಕಚೇರಿಗೆ ಮಾಡಿದಳು, ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಎಂಬ ಕೇಂದ್ರ ಪೊಲೀಸ್ ಪಡೆಗೆ ಮಾಡಿದಳು. ಇದರಲ್ಲಿ ನೀನು ತಲೆಹಾಕಬೇಡ ಎಂಬ ಅರ್ಥದ ಉತ್ತರ ಬಂದರೂ ಬಿಡಲಿಲ್ಲ. ಕೊನೆಗೆ ಪೊಲೀಸ್ ಅಧಿಕಾರಿಯೊಬ್ಬ ಮರುದಿನ ಬೆಳಿಗ್ಗೆ ಆತನನ್ನು ಕಾಣಲು ಒಪ್ಪಿದ. ಆಕೆಯ ಹುದ್ದೆಯ ಕರ್ತವ್ಯಪಟ್ಟಿಯಲ್ಲಿ ಇದು ಯಾವುದೂ ಇದ್ದಿರಲಾರದು. ಈ ಮಾತನ್ನು ನಾನು ತರಗತಿಯಲ್ಲಿ ಎರಡು ಸಲ ಹೇಳುತ್ತೇನೆ.

ಮೇಲಿನ ಹಂತದಲ್ಲಿ ಆಗುತ್ತಿದ್ದುದು ಬೇರೆ. ಗುಜೆಂಕೊ ಬಂದಿರುವ ಸುದ್ದಿ ಪ್ರಧಾನಿ ಮೆಕೆಂಜಿ ಕಿಂಗ್ ಅವರಿಗೆ ಗುರುವಾರ ಬೆಳಿಗ್ಗೆಯೇ ತಲುಪಿತ್ತು. ಅಂದು ಸಂಸತ್ತಿನ ಅಧಿವೇಶನ ಆರಂಭ. ವಿದೇಶಾಂಗ ಕಾರ್ಯದರ್ಶಿ ನಾರ್ಮನ್ ರಾಬರ್ಟ್‌ಸನ್ ವಿಷಯ ತಿಳಿಸಿದಾಗ ಕಿಂಗ್ ಹಿಂಜರಿದರು. ಮಿತ್ರ ರಾಷ್ಟ್ರದ ರಾಯಭಾರ ಕಚೇರಿಯ ಕಾಗದಗಳನ್ನು ಮುಟ್ಟಿ ಸಂಬಂಧ ಕೆಡಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಈ ಮನುಷ್ಯ ಆತ್ಮಹತ್ಯೆ ಮಾಡಿಕೊಂಡರೆ ಕಾಗದಗಳು ಪೊಲೀಸರ ಕೈಗೆ ಬರುತ್ತವೆ ಎಂಬ ಧಾಟಿಯ ಯೋಚನೆಯನ್ನೂ ಕಿಂಗ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಕಿಂಗ್ ಕ್ರೂರಿಯಾಗಿರಲಿಲ್ಲ, ಎಚ್ಚರಿಕೆಯ ಮನುಷ್ಯ. ಆದರೂ ಬಸುರಿ ಹೆಂಡತಿ ಮತ್ತು ಮಗುವಿನೊಡನೆ ಅಲೆಯುತ್ತಿದ್ದ ಒಬ್ಬನ ಸಾವನ್ನು ಅನುಕೂಲದ ಲೆಕ್ಕಕ್ಕೆ ಹಿಡಿದದ್ದನ್ನು ಓದುವಾಗ ನನಗೆ ಕೋಪ ಬರುತ್ತದೆ.

ಗುರುವಾರ ಸಂಜೆ ಮನೆಗೆ ಮರಳಿದರು. ಎದುರಿನ ಡಂಡೊನಾಲ್ಡ್ ಉದ್ಯಾನದಲ್ಲಿ ಇಬ್ಬರು ಕುಳಿತು ಕಿಟಕಿ ನೋಡುತ್ತಿದ್ದರು. ಅವರು ಕೆನಡಾದ ಪೊಲೀಸರು ಎಂಬುದು ಗುಜೆಂಕೊಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿಯುವ ಸದ್ದು, ರಷ್ಯನ್ ಭಾಷೆಯಲ್ಲಿ ಹೆಸರು ಹಿಡಿದು ಕೂಗುವ ದನಿ. ಗುಜೆಂಕೊ ಸದ್ದು ಮಾಡದೆ ಹಿಂದಿನ ಮೊಗಸಾಲೆಗೆ ಹೋಗಿ ಪಕ್ಕದ ಮನೆಯವರನ್ನು ಕರೆದ. ಪಕ್ಕದವ ವಾಯುಪಡೆಯ ಕೆಳಹಂತದ ನೌಕರ. ವಿಷಯ ತಿಳಿದದ್ದೇ ಸೈಕಲ್ ಏರಿ ನಗರ ಪೊಲೀಸರನ್ನು ಕರೆತಂದ. ಎದುರು ಮನೆಯ ಹೆಂಗಸು ಇಡೀ ಕುಟುಂಬವನ್ನು ತನ್ನ ಮನೆಯೊಳಗೆ ಕರೆದುಕೊಂಡಳು. ಮಧ್ಯರಾತ್ರಿಯ ಹೊತ್ತಿಗೆ ರಾಯಭಾರ ಕಚೇರಿಯ ನಾಲ್ವರು, ಸೋವಿಯತ್ ಗುಪ್ತ ಪೊಲೀಸ್‌ನ ವಿತಾಲಿ ಪಾವ್ಲೊವ್ ಮುಂದಾಳತ್ವದಲ್ಲಿ, ಗುಜೆಂಕೊನ ಮನೆಯ ಬೀಗ ಮುರಿದು ಒಳನುಗ್ಗಿ ಕಪಾಟುಗಳನ್ನು ಜಾಲಾಡತೊಡಗಿದರು. ನಗರ ಪೊಲೀಸರು ಅವರನ್ನು ಅಲ್ಲೇ ಹಿಡಿದು ನಿಲ್ಲಿಸಿದರು. ಇದು ನಮ್ಮ ನೌಕರನ ಮನೆ, ನಮ್ಮ ಕಾಗದ ಹುಡುಕುತ್ತಿದ್ದೇವೆ ಎಂದು ಪಾವ್ಲೊವ್ ಗದರಿಸಿದ. ವಿಚಾರಣೆ ಜಾಸ್ತಿಯಾದಾಗ ನಾಲ್ವರೂ ಹೊರಟುಹೋದರು.

ಎರಡು ದಿನಗಳ ಮಾತುಗಳಿಂದ ಆಗದ್ದು ಆ ಮುರಿದ ಬೀಗದಿಂದ ಆಯಿತು. ಶುಕ್ರವಾರ ಬೆಳಿಗ್ಗೆ ಪೊಲೀಸರು ಗುಜೆಂಕೊನನ್ನು ಕರೆದೊಯ್ದು ಕಾಗದಗಳನ್ನು ತೆಗೆದುಕೊಂಡರು. ಈತ ಹಣ ಕದ್ದು ಓಡಿದ್ದಾನೆ, ಹಿಡಿದು ಒಪ್ಪಿಸಿ ಎಂದು ಸೋವಿಯತ್ ರಾಯಭಾರ ಕಚೇರಿ ಅಧಿಕೃತ ಪತ್ರ ಬರೆಯಿತು. ಆ ಪತ್ರ ಒಂದು ದಿನ ಮೊದಲು ಬಂದಿದ್ದರೆ, ಅದನ್ನು ಎಷ್ಟು ಕಚೇರಿಗಳು ಗೌರವದಿಂದ ಸ್ವೀಕರಿಸಿ ಠಸ್ಸೆ ಒತ್ತುತ್ತಿದ್ದವೋ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಅದೇ ವಾರ ಇಸ್ತಾಂಬುಲ್‌ನಲ್ಲಿ

ಗುಜೆಂಕೊ ಪ್ರಕರಣವನ್ನು ಒಂಟಿಯಾಗಿ ಓದಬಾರದು. 1945ರ ಸೆಪ್ಟೆಂಬರ್ 4ರಂದು, ಅಂದರೆ ಒಂದೇ ದಿನ ಮೊದಲು, ಇಸ್ತಾಂಬುಲ್‌ನ ಬ್ರಿಟಿಷ್ ಕಾನ್ಸುಲೇಟ್‌ಗೆ ಕೊನ್‌ಸ್ತಾಂತಿನ್ ವೋಲ್ಕೊವ್ ಎಂಬ ಸೋವಿಯತ್ ಅಧಿಕಾರಿ ಬಂದಿದ್ದ. ಉಪ ಕಾನ್ಸುಲ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಗುಪ್ತಚರ ಅಧಿಕಾರಿ. ಆಶ್ರಯ ಮತ್ತು ಹಣ ಕೊಟ್ಟರೆ ಬ್ರಿಟಿಷ್ ಸರ್ಕಾರದೊಳಗಿರುವ ಸೋವಿಯತ್ ಗೂಢಚಾರರ ಹೆಸರು ಹೇಳುತ್ತೇನೆ ಎಂದ. ಲಂಡನ್‌ನಲ್ಲಿ ಗುಪ್ತಚರ ವಿಭಾಗದ ಮುಖ್ಯಸ್ಥನೊಬ್ಬನೇ ಮಾಸ್ಕೋದವನು ಎಂದೂ ಸೂಚಿಸಿದ. ತಂತಿಯಲ್ಲಿ ಕಳಿಸಬೇಡಿ, ನಿಮ್ಮ ಸಂಕೇತಗಳು ಬಯಲಾಗಿವೆ, ಕೈಯಿಂದ ಕೈಗೆ ಹೋಗುವ ರಾಜತಾಂತ್ರಿಕ ಚೀಲದಲ್ಲೇ ಕಳಿಸಿ ಎಂದು ಷರತ್ತು ಹಾಕಿದ.

ಇಲ್ಲಿ ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು. ಅರ್ಜಿ ಸ್ವೀಕಾರವಾಯಿತು, ಗೋಪ್ಯತೆ ಕಾಪಾಡಲಾಯಿತು, ಕಾಗದ ಲಂಡನ್‌ನ ಸರಿಯಾದ ಶಾಖೆಗೆ ಹೋಯಿತು. ಆ ಶಾಖೆಯ ಮುಖ್ಯಸ್ಥ ಕಿಮ್ ಫಿಲ್ಬಿ. ವೋಲ್ಕೊವ್ ಸೂಚಿಸಿದ್ದ ವಿವರ ಯಾರಿಗೆ ಹೊಂದುತ್ತಿತ್ತೋ ಅದೇ ಮನುಷ್ಯ. ಫಿಲ್ಬಿ ಮಾಸ್ಕೋಗೆ ಸುದ್ದಿ ಮುಟ್ಟಿಸಿದ, ತಾನೇ ಇಸ್ತಾಂಬುಲ್‌ಗೆ ಹೋಗುತ್ತೇನೆ ಎಂದು ಹೇಳಿ ಪ್ರಯಾಣದಲ್ಲಿ ದಿನ ಕಳೆದ. ಅವನು ತಲುಪುವಷ್ಟರಲ್ಲಿ ವೋಲ್ಕೊವ್ ಮತ್ತು ಅವನ ಹೆಂಡತಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಸೋವಿಯತ್ ವಿಮಾನದಲ್ಲಿ ಸಾಗಿಸಲಾಗಿತ್ತು. ವೋಲ್ಕೊವ್‌ಗೆ ಮರಣದಂಡನೆಯಾಯಿತು.

ಕಡತ ಸರಿಯಾದ ದಾರಿಯಲ್ಲಿ ಹೋದವನು ಸತ್ತ. ಎಲ್ಲ ಕಡೆ ತಿರಸ್ಕೃತನಾದವನು ನೆರೆಹೊರೆಯವರಿಂದ ಬದುಕಿದ. ಗುಜೆಂಕೊನ ವಿಷಯವೂ ಲಂಡನ್‌ನಲ್ಲಿ ಫಿಲ್ಬಿಯ ಮೇಜಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಈತ ಒಂಟಾರಿಯೊ ಸರೋವರದ ದಂಡೆಯ ಕ್ಯಾಂಪ್ ಎಕ್ಸ್ ಎಂಬ ಯುದ್ಧಕಾಲದ ತರಬೇತಿ ಶಿಬಿರದಲ್ಲಿ ಕೆನಡಾ ಪೊಲೀಸರ ಕಾವಲಿನಲ್ಲಿದ್ದ. ಮಾಸ್ಕೋಗೆ ಸುದ್ದಿ ಸಿಕ್ಕಿದ್ದರ ಪರಿಣಾಮ ಬೇರೊಂದು ಕಡೆ ಆಯಿತು. ಅಲನ್ ನನ್ ಮೇ ಎಂಬ ಬ್ರಿಟಿಷ್ ಭೌತವಿಜ್ಞಾನಿ ಮಾಂಟ್ರಿಯಲ್‌ನ ಅಣು ಪ್ರಯೋಗಾಲಯದಿಂದ ಯುರೇನಿಯಂ ಮಾದರಿಗಳನ್ನು ಜಬೋತಿನ್‌ನ ಜನರಿಗೆ ಕೊಟ್ಟಿದ್ದ. ಅಕ್ಟೋಬರ್‌ನಲ್ಲಿ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ ಎದುರು ಅವನು ಹೊಸ ಸಂಪರ್ಕದ ವ್ಯಕ್ತಿಯನ್ನು ಕಾಣಬೇಕು ಎಂಬುದು ಗುಜೆಂಕೊ ತಂದ ಕಾಗದಗಳಲ್ಲೇ ಇತ್ತು. ಪೊಲೀಸರು ಕಾದರು, ಯಾರೂ ಬರಲಿಲ್ಲ. ಮುಂದಿನ ವರ್ಷ ನನ್ ಮೇ ತಪ್ಪೊಪ್ಪಿಕೊಂಡು ಹತ್ತು ವರ್ಷದ ಶಿಕ್ಷೆಗೆ ಒಳಗಾದ.

ಆಶ್ರಯ ಕೊಟ್ಟ ದೇಶ ಮಾಡಿದ್ದು

ಐದು ತಿಂಗಳು ಕೆನಡಾ ಬಾಯಿ ಬಿಡಲಿಲ್ಲ. 1946ರ ಫೆಬ್ರುವರಿ 3ರಂದು ಅಮೆರಿಕದ ಪತ್ರಕರ್ತ ಡ್ರೂ ಪಿಯರ್‌ಸನ್ ರೇಡಿಯೊದಲ್ಲಿ ಸುದ್ದಿ ಹೊರಹಾಕಿದ. ಎರಡೇ ದಿನದಲ್ಲಿ ಟಾಷೆರೊ ಮತ್ತು ಕೆಲಾಕ್ ಎಂಬ ನ್ಯಾಯಮೂರ್ತಿಗಳ ರಾಯಲ್ ಕಮಿಷನ್, ಅಂದರೆ ತನಿಖಾ ಆಯೋಗ, ನೇಮಕವಾಯಿತು. ಫೆಬ್ರುವರಿ 15ರ ಬೆಳಗಿನ ಜಾವ ಶಂಕಿತರನ್ನು ಮನೆಗಳಿಂದ ಎತ್ತಿಕೊಂಡು ಬಂದು ಪೊಲೀಸ್ ಬ್ಯಾರಕ್‌ಗಳಲ್ಲಿ ಇಟ್ಟರು. ಯುದ್ಧಕಾಲದ ವಿಶೇಷಾಧಿಕಾರ ಬಳಸಿ 1945ರ ಅಕ್ಟೋಬರ್‌ನಲ್ಲೇ ಮಾಡಿಟ್ಟಿದ್ದ ರಹಸ್ಯ ಆದೇಶವೇ ಅದಕ್ಕೆ ಆಧಾರ. ವಕೀಲರಿಲ್ಲ, ಮನೆಯವರ ಭೇಟಿಯಿಲ್ಲ, ಆರೋಪ ಏನೆಂಬುದನ್ನೂ ಹೇಳಲಿಲ್ಲ. ಮುಂದೆ ನ್ಯಾಯಾಲಯದಲ್ಲಿ ಹಲವರು ಬಿಡುಗಡೆಯಾದರು. ಆದರೂ ಆಯೋಗದ ವರದಿಯಲ್ಲಿ ಅಚ್ಚಾದ ಹೆಸರು ಅಳಿಯಲಿಲ್ಲ, ಕೆಲಸ ಮರಳಿ ಸಿಗಲಿಲ್ಲ. ಕಾರಣ ಹೇಳದೆ ಬಂಧಿಸುವ ರಾಜ್ಯದಿಂದ ತಪ್ಪಿಸಿಕೊಂಡು ಬಂದವನ ಸಾಕ್ಷ್ಯವನ್ನು ಇಟ್ಟುಕೊಂಡು ಕಾರಣ ಹೇಳದೆ ಬಂಧಿಸಿದ್ದು ದೊಡ್ಡ ತಪ್ಪು. ಅಲ್ಲಿನ ಸಂಸತ್ತಿನಲ್ಲೇ ಇದಕ್ಕೆ ಗಟ್ಟಿ ವಿರೋಧ ಬಂತು. ವಿರೋಧಿಸಿದವರಲ್ಲಿ ಒಬ್ಬರಾದ ಜಾನ್ ಡೀಫನ್‌ಬೇಕರ್ ಮುಂದೆ ಪ್ರಧಾನಿಯಾಗಿ 1960ರಲ್ಲಿ ಹಕ್ಕುಗಳ ಕಾಯಿದೆ ತಂದರು.

ಸಂಸದ ಫ್ರೆಡ್ ರೋಸ್ ಆರು ವರ್ಷದ ಶಿಕ್ಷೆ ಪಡೆದು ಸದಸ್ಯತ್ವ ಕಳೆದುಕೊಂಡರು. ಪತ್ರಿಕೆಗಳಲ್ಲಿ ಮೆರೆದದ್ದು ಅವರ ಹೆಸರು. ನನ್ನ ಮನಸ್ಸು ನಿಲ್ಲುವುದು ಎಮ್ಮಾ ವೊಯ್ಕಿನ್ ಹತ್ತಿರ. ಆಯುಧ ಹಿಡಿಯುವುದಿಲ್ಲ ಎಂದು ತ್ಸಾರ್ ಕಾಲದ ರಷ್ಯಾ ಬಿಟ್ಟು ಬಂದ ದುಖಬೋರ್ ಪಂಥದ ರೈತ ಕುಟುಂಬದ ಮಗಳು. ಬಡತನದಲ್ಲಿ ವೈದ್ಯಕೀಯ ನೆರವು ಸಿಗದೆ ಮಗು ಸತ್ತಿತು, ಗಂಡ ಆತ್ಮಹತ್ಯೆ ಮಾಡಿಕೊಂಡ. ಆಮೇಲೆ ಒಟ್ಟಾವಾಕ್ಕೆ ಬಂದು ಕೆನಡಾದ ವಿದೇಶಾಂಗ ಇಲಾಖೆಯಲ್ಲಿ ಕೆಲಸ ಹಿಡಿದಳು. ಯಾವ ಕೆಲಸ? ಗೂಢಲಿಪಿಯ ಗುಮಾಸ್ತಿಕೆ! ಬಡವರನ್ನು ಸಾಯಗೊಡದ ದೇಶ ಎಂದು ಅವಳು ನಂಬಿದ್ದ ಸೋವಿಯತ್ ದೇಶಕ್ಕೆ ಇಲಾಖೆಯ ತಂತಿಗಳ ಸಾರ ಬರೆದುಕೊಟ್ಟಳು. ಅವಳ ಕಾಗದ ಹೋಗಿ ಸೇರಿದ್ದು ಜಬೋತಿನ್‌ನ ಕಚೇರಿಗೆ. ಅದೇ ಕಚೇರಿಯ ಗುಮಾಸ್ತ ತಂದ ದಾಖಲೆಗಳಿಂದ ಅವಳು ಸಿಕ್ಕಿಬಿದ್ದಳು. ತಪ್ಪೊಪ್ಪಿಕೊಂಡಳು, ಎರಡೂವರೆ ವರ್ಷ ಸೆರೆವಾಸ ಅನುಭವಿಸಿದಳು. ಒಂದೇ ನಗರದಲ್ಲಿ, ಒಂದೇ ಕೆಲಸದಲ್ಲಿ ಇದ್ದ ಇಬ್ಬರು ಎದುರುಬದುರು ದಿಕ್ಕಿಗೆ ದಾಟಿದರು. ಗುಜೆಂಕೊಗೆ ತನ್ನ ಪ್ರಭುತ್ವದ ಒಳಗು ಗೊತ್ತಿತ್ತು, ವೊಯ್ಕಿನ್‌ಗೆ ಆ ಪ್ರಭುತ್ವದ ಪ್ರಚಾರ ಮಾತ್ರ ಗೊತ್ತಿತ್ತು.

ಮುಖವಿಲ್ಲದ ಮೂವತ್ತಾರು ವರ್ಷ

ಗುಜೆಂಕೊ ಕುಟುಂಬ ಹೊಸ ಹೆಸರು ಪಡೆದು ಟೊರಾಂಟೊ ಬಳಿಯ ಉಪನಗರವೊಂದರಲ್ಲಿ ನೆಲೆಸಿತು. ಎಂಟು ಮಕ್ಕಳಾದರು. ನಾವು ಚೆಕೊಸ್ಲೊವಾಕಿಯಾದಿಂದ ಬಂದವರು ಎಂದೇ ಮಕ್ಕಳಿಗೆ ಹೇಳಿದ್ದರು. ನಿಜ ಗೊತ್ತಾದದ್ದು ಅವರು ದೊಡ್ಡವರಾದ ಮೇಲೆ. 1948ರಲ್ಲಿ ಗುಜೆಂಕೊ ಆತ್ಮಕಥೆ ಬರೆದ. 1954ರಲ್ಲಿ ಬಂದ ಅವನ ಕಾದಂಬರಿಗೆ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಟಿವಿಯಲ್ಲಿ ಕಾಣಿಸಿಕೊಳ್ಳಬೇಕಾದಾಗ ಕಣ್ಣಿಗೆ ತೂತು ಬಿಟ್ಟ ಬಿಳಿ ಚೀಲವನ್ನು ತಲೆಗೆ ಹಾಕಿಕೊಂಡೇ ಕೂರುತ್ತಿದ್ದ. ಒಂದು ಇಡೀ ತಲೆಮಾರು ಅವನನ್ನು ಗುರುತಿಸಿದ್ದು ಆ ಚೀಲದಿಂದ.

ಹಣದ ವಿಷಯದಲ್ಲಿ ಜಗಳಗಂಟ, ಪತ್ರಿಕೆಗಳ ಮೇಲೆ ಮಾನನಷ್ಟ ದಾವೆ ಹೂಡುವವ, ಎಲ್ಲರ ಮೇಲೂ ಅನುಮಾನ ಎಂದು ಅವನನ್ನು ದೂರಿದವರು ಬಹಳ. ಇರಬಹುದು. ಆದರೆ ಹೆಸರು, ಊರು, ಭಾಷೆ, ತಾಯಿಯ ಸುದ್ದಿ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಬಿಟ್ಟು ಬಂದವನು, ಮರಣದಂಡನೆಗೆ ಗುರಿಯಾದ ದ್ರೋಹಿ ಎಂದು ತನ್ನ ದೇಶ ಸಾರಿದ ಮೇಲೂ ಸೌಮ್ಯನಾಗಿ, ಉದಾರನಾಗಿ ಬಾಳಬೇಕೆಂದು ಬಯಸುವುದು ನಮ್ಮ ಆಸೆ ಮಾತ್ರ. ಮಧುಮೇಹದಿಂದ ಕಣ್ಣು ಕಳೆದುಕೊಂಡು 1982ರ ಜೂನ್‌ನಲ್ಲಿ ತೀರಿಕೊಂಡ. ಸ್ವೆಟ್ಲಾನಾ 2001ರಲ್ಲಿ ಹೋದಳು. ಅವರ ಗೋರಿಯ ಮೇಲೆ ನಿಜವಾದ ಹೆಸರಿನ ಕಲ್ಲು ಬಂದದ್ದು 2002ರಲ್ಲಿ.

ಕಾರವಾರದ ತರಗತಿಯಲ್ಲಿ ಎದ್ದ ಮಾತು

ಈ ಪ್ರಕರಣವನ್ನು ಚರ್ಚೆಗೆ ಇಟ್ಟಾಗ ಅಂಕೋಲೆಯ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮ ಮುತ್ತಜ್ಜ ಕರ ಕೊಡದೆ ಜೈಲಿಗೆ ಹೋದವರು. ಜಮೀನು ಹೋಯಿತು. ಊರು ಬಿಟ್ಟು ಓಡಲಿಲ್ಲ. ಇವನು ಓಡಿದ. ಇವನದು ಧೈರ್ಯ ಹೇಗಾಗುತ್ತದೆ?”

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬರಲೇಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದದ್ದು ಹಾಡುಹಗಲಿನಲ್ಲಿ, ಸಾವಿರಾರು ಜನರ ಎದುರು. ಅಂಕೋಲೆ, ಸಿದ್ದಾಪುರ ಕಡೆಯ ರೈತರು ಕರ ನಿರಾಕರಿಸಿ ಹೊಲ ಮನೆ ಕಳೆದುಕೊಂಡರು. ಅವರ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸತ್ಯಾಗ್ರಹಕ್ಕೆ ನೋಡುವ ಕಣ್ಣು ಬೇಕು. ಬಂಧಿಸಿದ್ದು ಪತ್ರಿಕೆಯಲ್ಲಿ ಬರಬೇಕು, ನ್ಯಾಯಾಲಯದಲ್ಲಿ ಹೇಳಿಕೆ ಕೊಡಲು ಅವಕಾಶ ಇರಬೇಕು, ಜೈಲಿಗೆ ಹೋದವನ ಹೆಂಡತಿ ಮಕ್ಕಳಿಗೆ ಅನ್ನ ಹಾಕಿದ ನೆರೆಮನೆಯವರು ಮರುದಿನವೂ ಅಲ್ಲೇ ಇರಬೇಕು. ಬ್ರಿಟಿಷರ ಆಡಳಿತ ಎಷ್ಟು ಕ್ರೂರವಾಗಿದ್ದರೂ ಇಷ್ಟು ಜಾಗ ಉಳಿದಿತ್ತು. ಸ್ಟಾಲಿನ್ ರಷ್ಯಾದಲ್ಲಿ ಈ ಮೂರೂ ಇರಲಿಲ್ಲ. ಗುಜೆಂಕೊ ಮಾಸ್ಕೋಗೆ ಮರಳಿ ಸತ್ಯ ಹೇಳಿದ್ದರೆ ಅದನ್ನು ಕೇಳುವವನು ತನಿಖಾಧಿಕಾರಿ ಒಬ್ಬನೇ.

ಜೋಯಿಡಾ ಕಡೆಯ ಇನ್ನೊಬ್ಬ ಹುಡುಗ ಕ್ಯಾಸಲ್‌ರಾಕ್ ಹೆಸರು ಎತ್ತಿದ. ಪೋರ್ಚುಗಲ್‌ನ ಸಾಲಾಜಾರ್ ಸರ್ವಾಧಿಕಾರದ ಗೋವೆಯಲ್ಲಿ ಪತ್ರಿಕೆಗಳಿಗೆ ಬೀಗ ಬಿದ್ದಿದ್ದಾಗ ವಾಮನ್ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಗಡಿಯಾಚೆಯ ಕಾಡಿನಿಂದ ಗುಪ್ತ ರೇಡಿಯೊ ನಡೆಸಿದರು. 1955ರಿಂದ 1961ರವರೆಗೆ ನಡೆದ ಆ ಪ್ರಸಾರದ ಒಂದು ನೆಲೆ ನಮ್ಮ ಕ್ಯಾಸಲ್‌ರಾಕ್. ಒಳಗೆ ಬಾಯಿ ಕಟ್ಟಿದಾಗ ಹೊರಗೆ ಬಂದು ಮಾತಾಡಿದವರನ್ನು ಓಡಿಹೋದವರು ಎನ್ನುತ್ತೇವೆಯೇ ಎಂದು ಅವನು ಕೇಳಿದ. ಅಂಕೋಲೆಯ ಹುಡುಗಿ ಅರ್ಧ ಮಾತ್ರ ಒಪ್ಪಿದಳು. ಆ ಇಬ್ಬರು ಹಿಂದೆ ಬಿಟ್ಟು ಬಂದ ಮನೆಯವರನ್ನು ಯಾರೂ ಸೈಬೀರಿಯಾಕ್ಕೆ ಅಟ್ಟಲಿಲ್ಲ, ಗುಜೆಂಕೊ ಅದು ಗೊತ್ತಿದ್ದೂ ಹೊರಟ ಎಂಬುದು ಅವಳ ಮಾತು. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬಂಧುಗಳನ್ನು ಒತ್ತೆಯಾಗಿ ಇಟ್ಟುಕೊಂಡ ಪಾಪ ಕಾನೂನು ಬರೆದವರದು ಎಂದು ಹೇಳಿದೆ. ಆ ಭಾರ ಮಾತ್ರ ಹೊರಟವನ ಹೆಗಲ ಮೇಲೂ ಇತ್ತು, ಅದನ್ನು ಅಲ್ಲಗಳೆಯಲಾರೆ.

ಕೊನೆಗೆ ಬರವಣಿಗೆಯ ಅಭ್ಯಾಸ. ನೀವು ಕಾನೂನು ಸಚಿವಾಲಯದ ಸ್ವಾಗತ ಮೇಜಿನಲ್ಲಿದ್ದೀರಿ, ಮಂತ್ರಿಗಳು ನೋಡುವುದಿಲ್ಲ ಎಂದಿದ್ದಾರೆ, ಈ ಮೂವರು ಎದುರಿಗಿದ್ದಾರೆ. ಆವಕ ವಹಿಯಲ್ಲಿ ಏನು ನಮೂದಿಸುತ್ತೀರಿ, ಮೇಲಧಿಕಾರಿಗೆ ಏನು ಟಿಪ್ಪಣಿ ಬರೆಯುತ್ತೀರಿ? ಹೆಚ್ಚಿನವರು ‘ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಲು ಸೂಚಿಸಿದೆ’ ಎಂದು ಬರೆದರು. ಹಳಿಯಾಳದ ಒಬ್ಬ ಹುಡುಗನ ಟಿಪ್ಪಣಿ ಹೀಗಿತ್ತು: “ಅರ್ಜಿದಾರರು ಹೆಂಡತಿ ಮತ್ತು ಮಗುವಿನೊಂದಿಗೆ ಕಚೇರಿಯಲ್ಲಿಯೇ ಇದ್ದಾರೆ. ಜೀವಭಯವಿದೆ ಎನ್ನುತ್ತಾರೆ. ಕಾಗದಗಳ ಭಾಷೆ ನನಗೆ ತಿಳಿಯದು. ಓದಬಲ್ಲವರು ಬರುವವರೆಗೆ ಇವರನ್ನು ಹೊರಗೆ ಕಳಿಸಲು ನನಗೆ ಅಧಿಕಾರವಿಲ್ಲ.”

ಅತಿಥಿಯಾಗಿ ಬಂದಿದ್ದ ಹೊನ್ನಾವರದ ಹಿರಿಯ ವಕೀಲರು ತಕರಾರು ತೆಗೆದರು. ಹೊರಗೆ ಕಳಿಸಲು ಅಧಿಕಾರವಿಲ್ಲ ಎಂದು ಯಾವ ನಿಯಮದಲ್ಲಿದೆ ತೋರಿಸು ಎಂದರು. “ಕಳಿಸಲೇಬೇಕು ಎಂಬ ನಿಯಮವೂ ಇಲ್ಲವಲ್ಲ, ಸರ್” ಎಂದ ಹುಡುಗ. ವಕೀಲರು ಒಪ್ಪಲಿಲ್ಲ, ಆ ವಾದ ಊಟದ ಹೊತ್ತಿನವರೆಗೂ ನಡೆಯಿತು. ಟಿಪ್ಪಣಿಯಲ್ಲಿ ಒಂದು ಕೊರತೆ ಇತ್ತು: ಬಂದ ಸಮಯ ನಮೂದಿಸಿರಲಿಲ್ಲ. ಅದನ್ನು ಸೇರಿಸಲು ಹೇಳಿ, ಮುಂದಿನ ತಂಡಕ್ಕೆ ಮಾದರಿಯಾಗಿ ಇಟ್ಟುಕೊಂಡೆ.